ಇಲಿಯಲ್ಲಿ 'ಎ' ಜೀವಸತ್ವಧಾರಕ ಪ್ರೋಟೀನು: ಅಭಿವ್ಯಕ್ತಿ ಮತ್ತು ಪಾತ್ರಗಳ ಸಾಕ್ಷ್ಯವಿಮರ್ಶೆ

೧

ಜೀವವಿಜ್ಞಾನದ ಸಂಶೋಧನ ಪತ್ರಿಕೆಗಳನ್ನು ತಿರುವಿಹಾಕುವವರಿಗೆ "ಇಂಥ ಪ್ರೋಟೀನಿನ ಅಭಿವ್ಯಕ್ತಿ ಮತ್ತು ಪಾತ್ರ" ಎಂಬ ಮಾದರಿಯ ತಲೆಬರಹಗಳು ಮತ್ತೆಮತ್ತೆ ಎದುರಾಗುತ್ತವೆ. ಅಭಿವ್ಯಕ್ತಿಯೆಂದರೆ ಜೀನಿನಲ್ಲಿ ಅಡಗಿರುವ ಸೂಚನೆಯು ಸಂದೇಶವಾಹಕ ಆರ್.ಎನ್.ಎ.ಯ ರೂಪದಲ್ಲಿ ಹೊರಬಿದ್ದು ಪ್ರೋಟೀನಾಗಿ ಮೈದಾಳುವುದು. ಪಾತ್ರವೆಂದರೆ ಆ ಪ್ರೋಟೀನು ದೇಹದಲ್ಲಿ ನಿರ್ವಹಿಸುವ ಕಾರ್ಯ. ಇವೆರಡೂ ಬೇರೆಬೇರೆ ಪ್ರಮೇಯಗಳು. ಆದರೆ ನಡುವೆ ನಿಂತ 'ಮತ್ತು' ಎಂಬ ಅವ್ಯಯವು ಇವನ್ನು ಎಷ್ಟು ಸಲೀಸಾಗಿ ಜೋಡಿಸಿಬಿಡುತ್ತದೆಯೆಂದರೆ, ಮೊದಲನೆಯದು ಸಿದ್ಧಪಟ್ಟಲ್ಲಿ ಎರಡನೆಯದೂ ಬಹುಮಟ್ಟಿಗೆ ಸಿದ್ಧಪಟ್ಟಂತೆಯೇ ಎಂಬ ಭಾವನೆ ಓದುಗನಲ್ಲಿ ತಾನಾಗಿ ಮೂಡುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವ ನಿದರ್ಶನ, ಇಲಿಯ ದೇಹದಲ್ಲಿ 'ಎ' ಜೀವಸತ್ವವನ್ನು ಹೊತ್ತು ನಡೆಯುವ ರೆಟಿನಾಲ್‌ಧಾರಕ ಪ್ರೋಟೀನು.

ಇತಿಹಾಸದ ಅಧ್ಯಾಪಕರಿಗೆ ಇಲಿಯ ಯಕೃತ್ತಿನೊಡನೆ ಏನು ಕೆಲಸವೆಂದು ವಾಚಕರು ಕೇಳಬಹುದು. ಪ್ರಯೋಗಗಳ ತಾಂತ್ರಿಕ ಗುಣದೋಷಗಳನ್ನು ನಿರ್ಣಯಿಸುವುದು ಜೀವರಸಾಯನಜ್ಞರಿಗೆ ಬಿಟ್ಟ ವಿಷಯ. ಆದರೆ ಒಂದು ಸಾಕ್ಷ್ಯದಿಂದ ಯಾವ ತೀರ್ಮಾನವನ್ನು ಪಡೆಯಬಹುದು, ಯಾವುದನ್ನು ಪಡೆಯಬಾರದು ಎಂಬ ಪ್ರಶ್ನೆ ಎಲ್ಲ ಶಾಸ್ತ್ರಗಳಿಗೂ ಸಮಾನವಾದುದು. ದತ್ತಿಯ ಶಾಸನ ದೊರೆತ ಮಾತ್ರಕ್ಕೆ ದತ್ತಿಯ ಭೂಮಿಯನ್ನು ಪಡೆದವನು ಅನುಭವಿಸಿದನೆಂದು ನಾವು ಹೇಳುವುದಿಲ್ಲ. ರಾಜಾಜ್ಞೆ ಹೊರಟಿತೆಂಬುದು ಒಂದು ಸಂಗತಿ, ಅದು ನೆರವೇರಿತೆಂಬುದು ಮತ್ತೊಂದು, ನೆರವೇರಿದುದರಿಂದ ಪ್ರಜೆಗಳಿಗೆ ಒಳಿತಾಯಿತೆಂಬುದು ಮಗುದೊಂದು. ಈ ವಿವೇಕವು ಜೀವಕೋಶದ ಒಳಗಣ ಆಜ್ಞೆಗಳಿಗೂ ಅನ್ವಯಿಸುತ್ತದೆಯೆಂಬುದೇ ನಮ್ಮ ವಾದ.

೨

ಮೊದಲು ಇಲಿಯ ವಿಷಯ. ಬಿಳಿಯ ಇಲಿಯು ಪೌಷ್ಟಿಕಶಾಸ್ತ್ರದ ಪ್ರಧಾನ ಸಾಕ್ಷಿಯಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಎಲ್ಮರ್ ಮೆಕಾಲಂ ಎಂಬ ವಿದ್ವಾಂಸನು ದನಗಳ ಮೇಲೆ ನಡೆಯುತ್ತಿದ್ದ ನಿಧಾನವಾದ ಪ್ರಯೋಗಗಳಿಂದ ಬೇಸತ್ತು, ಬೇಗ ಬೆಳೆಯುವ, ಕಡಿಮೆ ತಿನ್ನುವ, ಅಲ್ಪಾಯುವಾದ ಪ್ರಾಣಿಯೊಂದನ್ನು ಅರಸಿದನು. ಇಲಿಯು ರೈತನ ಶತ್ರುವಾದುದರಿಂದ ಕೃಷಿ ಸಂಶೋಧನಾಲಯದಲ್ಲಿ ಅದನ್ನು ಸಾಕುವುದು ಅನುಚಿತವೆಂಬ ಆಕ್ಷೇಪಣೆಯಿದ್ದರೂ ಆತನು ತನ್ನ ಇಲಿಗಳನ್ನು ಬಿಡಲಿಲ್ಲ. ಮಾರ್ಗರೆಟ್ ಡೇವಿಸ್ ಎಂಬಾಕೆ ಮೊದಲ ವರ್ಷಗಳಲ್ಲಿ ಸಂಬಳವಿಲ್ಲದೆ ಅವುಗಳ ಪಾಲನೆಯನ್ನೂ ಪ್ರಯೋಗಗಳನ್ನೂ ನಡೆಸಿದಳು. ೧೯೧೩ರಲ್ಲಿ ಇವರಿಬ್ಬರೂ ಪ್ರಕಟಿಸಿದ ಲೇಖನದ ಸಾರಾಂಶವಿಷ್ಟು: ಶುದ್ಧೀಕರಿಸಿದ ಆಹಾರಕ್ಕೆ ಹಂದಿಯ ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ಸೇರಿಸಿ ಕೊಟ್ಟಾಗ ಕೆಲಕಾಲದ ಮೇಲೆ ಇಲಿಗಳ ಬೆಳವಣಿಗೆ ನಿಲ್ಲುತ್ತದೆ, ಬೆಣ್ಣೆಯಿಂದಲೋ ಮೊಟ್ಟೆಯ ಹಳದಿಯಿಂದಲೋ ತೆಗೆದ ಸಾರವನ್ನು ಕೊಟ್ಟರೆ ಬೆಳವಣಿಗೆ ಮರುಕೊಳಿಸುತ್ತದೆ. ಅದೇ ವರ್ಷ ಕನೆಕ್ಟಿಕಟ್‌ನಲ್ಲಿ ಆಸ್ಬರ್ನ್ ಮತ್ತು ಮೆಂಡೆಲ್ ಎಂಬುವರು ಬೆಣ್ಣೆಯ ವಿಷಯದಲ್ಲಿ ಇದೇ ಬಗೆಯ ಫಲಿತಾಂಶವನ್ನು ಮುಂದಿಟ್ಟರು. ಇದಕ್ಕೆ ಒಂದು ವರ್ಷ ಮೊದಲೇ, ೧೯೧೨ರಲ್ಲಿ, ಇಂಗ್ಲೆಂಡಿನ ಹಾಪ್ಕಿನ್ಸ್ ಅಲ್ಪ ಪ್ರಮಾಣದ ಹಾಲು ಇಲಿಗಳ ಬೆಳವಣಿಗೆಯಲ್ಲಿ ಮಾಡುವ ವ್ಯತ್ಯಾಸವನ್ನು ವಿವರಿಸಿದ್ದನು. ಈ ಕೊಬ್ಬುಕರಗ ಪದಾರ್ಥಕ್ಕೆ 'ಎ' ಜೀವಸತ್ವವೆಂಬ ಹೆಸರು ನೆಲೆಗೊಂಡದ್ದು ೧೯೨೦ರಲ್ಲಿ ಡ್ರಮಂಡ್ ಮಾಡಿದ ಸೂಚನೆಯ ಮೇಲೆ. ಅದರ ರಾಸಾಯನಿಕ ರಚನೆಯನ್ನು ೧೯೩೧ರಲ್ಲಿ ಕ್ಯಾರರ್ ನಿರ್ಧರಿಸಿದನು.

ಪಠ್ಯಪುಸ್ತಕಗಳು ಈ ವೃತ್ತಾಂತವನ್ನು '೧೯೧೩ರಲ್ಲಿ 'ಎ' ಜೀವಸತ್ವದ ಶೋಧ' ಎಂಬ ಒಂದೇ ವಾಕ್ಯದಲ್ಲಿ ಅಡಗಿಸುತ್ತವೆ. ೧೯೧೩ರಲ್ಲಿ ದೊರೆತದ್ದು ಪದಾರ್ಥವಲ್ಲ, ಒಂದು ಅಭಾವದ ಪರಿಣಾಮ. ಬೆಣ್ಣೆಯಿಲ್ಲದಾಗ ಬೆಳವಣಿಗೆ ನಿಂತಿತು, ಆದುದರಿಂದ ಬೆಣ್ಣೆಯಲ್ಲಿ ಏನೋ ಇದೆ ಎಂಬುದು ಆಗಿನ ತರ್ಕ. ವಸ್ತುವಿನ ಪಾತ್ರ ಮೊದಲು ತಿಳಿದು ವಸ್ತು ಆಮೇಲೆ ತಿಳಿದ ಪ್ರಕರಣವಿದು. ಧಾರಕ ಪ್ರೋಟೀನಿನ ಇತಿಹಾಸ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ವಸ್ತು ಮೊದಲು ದೊರೆಯಿತು. ಪಾತ್ರವನ್ನು ವಿದ್ವಾಂಸರು ವಸ್ತುವಿನಿಂದ ಊಹಿಸಿದರು. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಮುಂದಿನ ಹಲವು ಗೊಂದಲಗಳು ಹುಟ್ಟಿದುವೆಂದು ನಮಗೆ ತೋರುತ್ತದೆ.

೩

'ಎ' ಜೀವಸತ್ವವು ಕೊಬ್ಬಿನಲ್ಲಿ ಕರಗುವುದೇ ಹೊರತು ನೀರಿನಲ್ಲಿ ಕರಗದು. ರಕ್ತರಸವಾದರೋ ಬಹುಪಾಲು ನೀರು. ಹೀಗಿರುವಲ್ಲಿ ಯಕೃತ್ತಿನಲ್ಲಿ ಸಂಗ್ರಹವಾದ ಜೀವಸತ್ವ ಕಣ್ಣಿಗೂ ಚರ್ಮಕ್ಕೂ ತಲಪುವುದು ಹೇಗೆ? ಯಾವುದೋ ಪ್ರೋಟೀನು ಅದನ್ನು ಹೊತ್ತೊಯ್ಯುತ್ತಿರಬೇಕೆಂಬ ಅನುಮಾನ ಬಹುಕಾಲದಿಂದ ಇತ್ತು. ಹಲವು ಜಾತಿಯ ಪ್ರಾಣಿಗಳ ರಕ್ತರಸದ ಪ್ರೋಟೀನುಗಳಲ್ಲಿ ಈ ಜೀವಸತ್ವದ ಮದ್ಯಸಾರ ರೂಪವೂ ಎಸ್ಟರ್ ರೂಪವೂ ಹೇಗೆ ಹಂಚಿಹೋಗಿವೆಯೆಂಬುದನ್ನು ೧೯೫೨ರಷ್ಟು ಹಿಂದೆಯೇ ಗಂಗೂಲಿ, ಕ್ರಿನ್‌ಸ್ಕಿ ಮೊದಲಾದವರು ಪರಿಶೀಲಿಸಿದ್ದರು. ಈ ಜೆ. ಗಂಗೂಲಿಯವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ 'ಎ' ಜೀವಸತ್ವದ ಅಧ್ಯಯನವನ್ನು ದೀರ್ಘಕಾಲ ನಡೆಸಿದರೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಆ ಪ್ರೋಟೀನನ್ನು ಮನುಷ್ಯನ ರಕ್ತರಸದಿಂದ ಬೇರ್ಪಡಿಸಿ ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗುಡ್‌ಮನ್ ಮತ್ತು ಅವರ ಸಹೋದ್ಯೋಗಿಗಳಾದ ಕನಾಯ್, ರಾಜ್. ಅದು ೧೯೬೮ರ ಮಾತು. ಸುಮಾರು ೨೧,೦೦೦ ಅಣುತೂಕದ ಈ ಚಿಕ್ಕ ಪ್ರೋಟೀನು ಒಂದು ಸಲಕ್ಕೆ ರೆಟಿನಾಲಿನ ಒಂದೇ ಒಂದು ಅಣುವನ್ನು ತನ್ನ ಮಡಿಲಲ್ಲಿ ಹುದುಗಿಸಿಕೊಳ್ಳುತ್ತದೆ. ಅಷ್ಟು ಚಿಕ್ಕದು ಒಂಟಿಯಾಗಿ ಹೊರಟರೆ ಮೂತ್ರಪಿಂಡದಲ್ಲಿ ಸೋರಿಹೋಗುವ ಅಪಾಯವಿರುವುದರಿಂದ, ತನಗಿಂತ ದೊಡ್ಡದಾದ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನಿನೊಡನೆ ಜೊತೆಗೂಡಿ ಸಂಚರಿಸುತ್ತದೆ.

ಇದೇ ಗುಂಪಿನವರು ೧೯೭೨ರಲ್ಲಿ ಇಲಿಯ ರೆಟಿನಾಲ್‌ಧಾರಕ ಪ್ರೋಟೀನನ್ನು ಬೇರ್ಪಡಿಸಿ, ಅದೇ ವರ್ಷ ಮತ್ತೊಂದು ಲೇಖನದಲ್ಲಿ ಜೀವಸತ್ವದ ಅಭಾವಕ್ಕೂ ಈ ಪ್ರೋಟೀನಿಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಮುಟೊ, ಸ್ಮಿತ್, ಮಿಲ್ಚ್, ಗುಡ್‌ಮನ್ ಇವರ ಹೆಸರಿನ ಆ ಲೇಖನವನ್ನು ಈ ಕ್ಷೇತ್ರದ ಮೂಲಶಾಸನವೆನ್ನಬಹುದು. 'ಎ' ಜೀವಸತ್ವವಿಲ್ಲದ ಆಹಾರವನ್ನು ಕೊಟ್ಟಾಗ ಇಲಿಯ ರಕ್ತದಲ್ಲಿ ಧಾರಕ ಪ್ರೋಟೀನು ಇಳಿಯಿತು. ಇಷ್ಟೇ ತಿಳಿದಿದ್ದಲ್ಲಿ, ಜೀವಸತ್ವವಿಲ್ಲದಿರುವಾಗ ಅದರ ಧಾರಕದ ತಯಾರಿಕೆಯೂ ನಿಲ್ಲುತ್ತದೆಯೆಂದು ಯಾರಾದರೂ ಹೇಳಿಬಿಡಬಹುದಿತ್ತು. ಆದರೆ ಅವರು ಯಕೃತ್ತನ್ನೂ ಪರೀಕ್ಷಿಸಿದರು. ಅಲ್ಲಿ ಪ್ರೋಟೀನು ಕಡಿಮೆಯಾಗಿರಲಿಲ್ಲ, ಹಲವು ಪಟ್ಟು ಹೆಚ್ಚಾಗಿತ್ತು! ಜೀವಸತ್ವವನ್ನು ಮತ್ತೆ ಒದಗಿಸಿದೊಡನೆ ಯಕೃತ್ತಿನ ದಾಸ್ತಾನು ಇಳಿದು ರಕ್ತದ ಮಟ್ಟ ಏರಿತು. ತಯಾರಿಕೆ ನಿಂತಿರಲಿಲ್ಲ, ರವಾನೆ ಮಾತ್ರ ನಿಂತಿತ್ತು. ಹೇರಬೇಕಾದ ಧಾನ್ಯ ಬಾರದೆ ಗಾಡಿಗಳೆಲ್ಲ ಉಗ್ರಾಣದ ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದುವು.

ಮುಂದಿನ ಹತ್ತು ವರ್ಷಗಳಲ್ಲಿ ಈ ತೀರ್ಮಾನ ಎರಡು ಕಡೆಗಳಿಂದ ದೃಢಪಟ್ಟಿತು. ೧೯೮೨ರಲ್ಲಿ ಸೊಪ್ರಾನೊ, ಸ್ಮಿತ್, ಗುಡ್‌ಮನ್ ಇವರು ಇಲಿಯ ಯಕೃತ್ತಿನಲ್ಲಿ ಪ್ರೋಟೀನು ತಯಾರಾಗುವ ವೇಗವನ್ನೂ ಅದರ ಸಂದೇಶವಾಹಕ ಆರ್.ಎನ್.ಎ.ಯ ಪ್ರಮಾಣವನ್ನೂ ಅಳೆದು, ಜೀವಸತ್ವದ ಸ್ಥಿತಿಗತಿಯಿಂದ ಅವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದೆಂದು ತೋರಿಸಿದರು. ೧೯೮೩ರಲ್ಲಿ ಸ್ವೀಡನ್ನಿನ ರಾನ್ ಮತ್ತು ಇತರರು, ರೆಟಿನಾಲ್ ದೊರೆಯದ ಪ್ರೋಟೀನು ಯಕೃತ್ತಿನ ಜೀವಕೋಶದೊಳಗೆ, ಪ್ರೋಟೀನುಗಳು ರೂಪುಗೊಳ್ಳುವ ಒಳಜಾಲದಲ್ಲಿಯೇ ತಡೆದುನಿಲ್ಲುತ್ತದೆಯೆಂಬುದನ್ನು ಕಂಡರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಆಜ್ಞೆ, ದಾಸ್ತಾನು, ರವಾನೆ ಎಂಬ ಮೂರು ಮೆಟ್ಟಿಲುಗಳಲ್ಲಿ ಆಜ್ಞೆಯನ್ನು ಮಾತ್ರ ಅಳೆದವನಿಗೆ ಇಲಿಯ ದೇಹದಲ್ಲಿ ಯಾವ ವ್ಯತ್ಯಾಸವೂ ಕಾಣದು. ದಾಸ್ತಾನನ್ನು ಮಾತ್ರ ಅಳೆದವನಿಗೆ ಸಮೃದ್ಧಿ ಕಾಣುತ್ತದೆ. ರಕ್ತವನ್ನು ಮಾತ್ರ ಅಳೆದವನಿಗೆ ಕ್ಷಾಮ ಕಾಣುತ್ತದೆ. ಮೂವರೂ ಅದೇ ಇಲಿಯನ್ನು ಕುರಿತೇ ಹೇಳುತ್ತಿರುತ್ತಾರೆ. ಮೂವರ ಅಳತೆಯೂ ನಿರ್ದುಷ್ಟವಾಗಿರುತ್ತದೆ. ಆದುದರಿಂದ 'ಅಭಿವ್ಯಕ್ತಿ' ಎಂಬ ಒಂದೇ ಪದವನ್ನು ಈ ಮೂರಕ್ಕೂ ಬಳಸುವುದು ಸಾಕ್ಷ್ಯವನ್ನು ಕಲಸಿಬಿಡುವ ಪದ್ಧತಿ.

೪

ರಕ್ತದ ಅಳತೆಯೊಂದನ್ನೇ ನೆಚ್ಚುವುದರಿಂದ ಒದಗುವ ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ೧೯೯೬ರಲ್ಲಿ ರೊಸಾಲಿಸ್, ರಾಸ್ ಮೊದಲಾದವರು, ಜೀವಸತ್ವಕ್ಕೆ ಯಾವ ಕೊರತೆಯೂ ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶದಿಂದ ಉರಿಯೂತವನ್ನುಂಟುಮಾಡಿ ಪರೀಕ್ಷಿಸಿದರು. ರಕ್ತದಲ್ಲಿ ರೆಟಿನಾಲೂ ಅದರ ಧಾರಕವೂ ಇಳಿದುವು. ಈ ಸಲ ಯಕೃತ್ತಿನಲ್ಲಿ ಸಂದೇಶವಾಹಕ ಆರ್.ಎನ್.ಎ.ಯೂ ಇಳಿದಿತ್ತು. ಆದರೆ ಯಕೃತ್ತಿನ ಜೀವಸತ್ವದ ಸಂಗ್ರಹ ಬರಿದಾಗಿರಲಿಲ್ಲ. ಹಿಂದಿನ ಪ್ರಯೋಗದಲ್ಲಿ ಗಾಡಿಗಳಿದ್ದುವು, ಧಾನ್ಯವಿರಲಿಲ್ಲ. ಇಲ್ಲಿ ಧಾನ್ಯವಿದೆ, ಗಾಡಿಗಳ ತಯಾರಿಕೆ ಕುಂದಿದೆ. ಒಳಗಣ ಸ್ಥಿತಿಗಳು ಪರಸ್ಪರ ವಿರುದ್ಧವಾಗಿದ್ದರೂ ರಕ್ತ ಕೊಡುವ ಉತ್ತರ ಒಂದೇ. ಇದಕ್ಕೂ ಬಹು ಹಿಂದೆ, ೧೯೭೩ರಲ್ಲಿ, ಸತುವಿನ ಅಭಾವಕ್ಕೊಳಗಾದ ಇಲಿಗಳಲ್ಲಿ ಜೀವಸತ್ವವನ್ನು ಕೊಟ್ಟರೂ ರಕ್ತದ ಮಟ್ಟ ಏರದೆಂಬುದು ಪ್ರಕಟವಾಗಿತ್ತು. ಹೀಗೆ ಒಂದು ಕಡಿಮೆ ಅಂಕಿಯ ಹಿಂದೆ ಕಡೆಯ ಪಕ್ಷ ಮೂರು ಕಾರಣಗಳು ಇರಬಹುದು.

ಇದು ಇಲಿಗಳಿಗೆ ಮಾತ್ರ ಸೀಮಿತವಾದ ಚರ್ಚೆಯಾಗಿದ್ದರೆ ನಾವು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ೧೯೭೩ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಪ್ರೋಟೀನು ಮತ್ತು ಕ್ಯಾಲೊರಿಗಳ ಕೊರತೆಯಿಂದ ಸೊರಗಿದ ಮಕ್ಕಳನ್ನು ಪರೀಕ್ಷಿಸಿದ ಒಂದು ಅಧ್ಯಯನ ಹೊರಬಂದಿತು. ಮೇಲೆ ಹೇಳಿದ ಸ್ಮಿತ್ ಮತ್ತು ಗುಡ್‌ಮನ್ ಅದರಲ್ಲಿದ್ದರು. ನಮ್ಮ ಕೂನೂರಿನ ಪೌಷ್ಟಿಕ ಸಂಶೋಧನಾಲಯದ ನಿರ್ದೇಶಕರಾಗಿದ್ದ ವಿ. ಎನ್. ಪಟವರ್ಧನರೂ ಇದ್ದರು. ಆ ಮಕ್ಕಳ ರಕ್ತದಲ್ಲಿ 'ಎ' ಜೀವಸತ್ವವೂ ಧಾರಕ ಪ್ರೋಟೀನೂ ಕೆಳಮಟ್ಟದಲ್ಲಿದ್ದುವು. ಜೀವಸತ್ವವನ್ನು ಪ್ರತ್ಯೇಕವಾಗಿ ಸೇರಿಸದೆ, ಸಾಕಷ್ಟು ಪ್ರೋಟೀನು ಮತ್ತು ಕ್ಯಾಲೊರಿಗಳುಳ್ಳ ಆಹಾರವನ್ನು ಕೊಟ್ಟಾಗಲೂ ಅವೆರಡೂ ಏರಿದುವು. ಯಕೃತ್ತಿನಲ್ಲಿ ಇದ್ದ ಜೀವಸತ್ವವು ಹೊರಬರಲಾರದೆ ಉಳಿದಿತ್ತೆಂದೇ ಇದರ ಅರ್ಥ. ಇಲಿಯ ಸಾಕ್ಷ್ಯವಿಲ್ಲದಿದ್ದರೆ ಈ ಮಕ್ಕಳ ರಕ್ತದ ಅಂಕಿಯನ್ನು 'ಜೀವಸತ್ವದ ಕೊರತೆ' ಎಂದಷ್ಟೇ ಓದಿ, ಹಸಿದ ಮಗುವಿಗೆ ಅನ್ನದ ಬದಲು ಹನಿಮದ್ದನ್ನು ವಿಧಿಸಿ ಕೈತೊಳೆದುಕೊಳ್ಳುವ ಸಂಭವವಿತ್ತು.

ಭಾರತದಲ್ಲಿ ಎಳೆಯ ಮಕ್ಕಳಿಗೆ 'ಎ' ಜೀವಸತ್ವದ ದೊಡ್ಡ ಪ್ರಮಾಣದ ಔಷಧವನ್ನು ಕೊಡುವ ರಾಷ್ಟ್ರೀಯ ಯೋಜನೆ ೧೯೭೦ರಲ್ಲಿ ಆರಂಭವಾಯಿತು. ಕುರುಡುತನದ ನಿವಾರಣೆಯೇ ಅದರ ಉದ್ದೇಶವಾಗಿತ್ತು. ಆ ಉದ್ದೇಶವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕೊರತೆ ಎಷ್ಟು ಮಕ್ಕಳಲ್ಲಿದೆಯೆಂದು ಲೆಕ್ಕ ಹಾಕುವಾಗ ರಕ್ತದ ರೆಟಿನಾಲನ್ನು ಅಳೆಯುವುದು ರೂಢಿ. ಸೋಂಕುಗಳು ಹೇರಳವಾಗಿರುವ ನಾಡಿನಲ್ಲಿ ಉರಿಯೂತದಿಂದ ಇಳಿದ ಅಂಕಿಯೂ ಕೊರತೆಯ ಲೆಕ್ಕದಲ್ಲಿ ಸೇರಿಹೋಗಬಹುದು. ೨೦೧೬-೧೮ರ ಸಮಗ್ರ ರಾಷ್ಟ್ರೀಯ ಪೌಷ್ಟಿಕ ಸಮೀಕ್ಷೆಯಲ್ಲಿ ರೆಟಿನಾಲಿನೊಡನೆ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನೂ ಅಳೆದದ್ದು ಈ ದೃಷ್ಟಿಯಿಂದ ಪ್ರಶಂಸನೀಯ. ಒಂದು ಸಾಕ್ಷಿಯ ಹೇಳಿಕೆಯನ್ನು ಎರಡನೆಯ ಸಾಕ್ಷಿಯಿಂದ ಪರೀಕ್ಷಿಸುವ ಈ ಕ್ರಮವೇ ಸರಿಯಾದ ವಿಮರ್ಶಾಕ್ರಮ.

೫

ಇನ್ನು ಪಾತ್ರದ ವಿಚಾರ. ಧಾರಕ ಪ್ರೋಟೀನು ಇಲ್ಲದಿದ್ದರೆ ಜೀವಸತ್ವವು ಅಂಗಾಂಗಗಳಿಗೆ ತಲಪದು, ತಲಪದಿದ್ದರೆ ಪ್ರಾಣಿ ಬದುಕದು. ಆದುದರಿಂದ ಧಾರಕವು ಪ್ರಾಣಾವಶ್ಯಕ. ಬಹುಕಾಲ ಪ್ರಚಲಿತವಾಗಿದ್ದ ಪೂರ್ವಪಕ್ಷವಿದು. ಕೇಳಲು ನ್ಯಾಯಬದ್ಧವಾಗಿಯೂ ಇದೆ. ೧೯೯೯ರಲ್ಲಿ ಕ್ವಾಡ್ರೊ ಮತ್ತು ಸಂಗಡಿಗರು ಈ ಪ್ರೋಟೀನಿನ ಜೀನನ್ನೇ ನಿಷ್ಕ್ರಿಯಗೊಳಿಸಿದ ಸುಂಡಿಲಿಗಳನ್ನು ಪಡೆದು ಪರೀಕ್ಷಿಸಿದಾಗ ಇದು ನಿಲ್ಲಲಿಲ್ಲ. ಆ ಸುಂಡಿಲಿಗಳು ಬದುಕಿದುವು, ಬೆಳೆದುವು, ಮರಿಗಳನ್ನೂ ಹಾಕಿದುವು. ಎಳೆತನದಲ್ಲಿ ದೃಷ್ಟಿ ಮಂದವಾಗಿತ್ತು. ಸಾಕಷ್ಟು ಜೀವಸತ್ವವುಳ್ಳ ಆಹಾರ ದೊರೆತಲ್ಲಿ ಕೆಲವು ತಿಂಗಳುಗಳಲ್ಲಿ ಅದೂ ಸರಿಹೋಯಿತು. ಊಟವಾದ ಮೇಲೆ ಕರುಳಿನಿಂದ ಕೊಬ್ಬಿನ ಕಣಗಳೊಡನೆ ಹೊರಡುವ ಜೀವಸತ್ವವೇ ಅವುಗಳಿಗೆ ಸಾಕಾಗಿತ್ತು.

ಹಾಗಾದರೆ ಧಾರಕವು ವ್ಯರ್ಥವೇ? ಅಲ್ಲ. ಅದೇ ಸುಂಡಿಲಿಗಳಿಗೆ ಜೀವಸತ್ವವಿಲ್ಲದ ಆಹಾರವನ್ನು ಕೊಟ್ಟೊಡನೆ ರಕ್ತದ ರೆಟಿನಾಲ್ ಅತಿ ಶೀಘ್ರವಾಗಿ ಬತ್ತಿಹೋಯಿತು. ಅವುಗಳ ಯಕೃತ್ತಿನಲ್ಲಿ ಸಂಗ್ರಹವಿದ್ದೇ ಇತ್ತು, ಆದರೆ ಅದನ್ನು ಹೊರತೆಗೆಯುವ ಉಪಾಯವಿರಲಿಲ್ಲ. ಕಣಜ ತುಂಬಿದ್ದರೂ ಬಾಗಿಲು ತೆರೆಯದ ಮನೆಯ ಸ್ಥಿತಿ ಅವುಗಳದು. ಸಮೃದ್ಧಿಯ ದಿನಗಳಲ್ಲಿ ಪ್ರತಿದಿನದ ಊಟವೇ ಜೀವಸತ್ವವನ್ನು ಒದಗಿಸುವುದರಿಂದ ಧಾರಕವಿರುವುದೂ ಇಲ್ಲದಿರುವುದೂ ಹೆಚ್ಚುಕಡಿಮೆ ಒಂದೇ. ಅಭಾವ ಬಂದಾಗ ಮಾತ್ರ ಅದರ ಪಾತ್ರ ಬೆಳಕಿಗೆ ಬರುತ್ತದೆ. ಪ್ರಾಣಿಯು ಅಂದಂದಿನ ಆಹಾರದ ಅಧೀನದಿಂದ ಬಿಡುಗಡೆ ಪಡೆದು ಹಿಂದಿನ ಉಳಿತಾಯದ ಮೇಲೆ ಬದುಕುವಂತೆ ಮಾಡುವುದೇ ಆ ಪಾತ್ರ.

ಜೀವಕೋಶದ ಒಳಗಿರುವ ಧಾರಕಗಳ ಕಥೆಯೂ ಇದನ್ನೇ ಸಮರ್ಥಿಸುತ್ತದೆ. ೧೯೭೩ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಬ್ಯಾಷರ್, ಟಾಫ್ಟ್, ಚಿಟಿಲ್ ಇವರು ಇಲಿಯ ಅಂಗಾಂಶಗಳಲ್ಲಿ ರೆಟಿನಾಲನ್ನು ಹಿಡಿದಿಡುವ ಒಳಧಾರಕವನ್ನು ಗುರುತಿಸಿದರು. ೧೯೮೪ರಲ್ಲಿ ಆಂಗ್ ಇಲಿಯ ಸಣ್ಣ ಕರುಳಿನಲ್ಲಿ ಅದರ ಎರಡನೆಯ ಬಗೆಯನ್ನು ಕಂಡನು. ಮೊದಲನೆಯ ಒಳಧಾರಕವಿಲ್ಲದ ಸುಂಡಿಲಿಗಳನ್ನು ೧೯೯೯ರಲ್ಲಿ ಗಿಸೆಲಿಂಕ್ ಮುಂತಾದವರು ಪರೀಕ್ಷಿಸಿದಾಗ, ಒಳ್ಳೆಯ ಆಹಾರವಿರುವ ತನಕ ಅವು ಆರೋಗ್ಯವಾಗಿಯೇ ಇದ್ದುವು. ಆದರೆ ಯಕೃತ್ತಿನಲ್ಲಿ ಸಂಗ್ರಹವಾಗುತ್ತಿದ್ದ ಜೀವಸತ್ವ ಸುಮಾರು ಅರ್ಧಕ್ಕೆ ಇಳಿದಿತ್ತು. ಆಹಾರದಲ್ಲಿ ಅಭಾವವಾದೊಡನೆ ಆ ಸಂಗ್ರಹ ಇತರ ಸುಂಡಿಲಿಗಳಿಗಿಂತ ಬೇಗ ಮುಗಿದುಹೋಯಿತು. ಒಂದು ಪ್ರೋಟೀನು ಕೂಡಿಡಲು ನೆರವಾಗುತ್ತದೆ, ಮತ್ತೊಂದು ಕೂಡಿಟ್ಟದ್ದನ್ನು ಹಂಚುತ್ತದೆ. ಎರಡೂ ಬರಗಾಲವನ್ನು ಎದುರಿಸುವ ಏರ್ಪಾಡುಗಳೇ.

ಇದರಿಂದ ಪ್ರಯೋಗಪದ್ಧತಿಗೇ ಸಂಬಂಧಿಸಿದ ಒಂದು ಟೀಕೆ ಹೊರಡುತ್ತದೆ. ಪ್ರಯೋಗಾಲಯದ ಇಲಿ ಸುಭಿಕ್ಷದಲ್ಲಿ ಬಾಳುವ ಪ್ರಾಣಿ. ಅದರ ಗೂಡಿಗೆ ಪ್ರತಿದಿನವೂ ಅಳತೆಯ ಆಹಾರ ಬರುತ್ತದೆ. ಅಂಥ ಪ್ರಾಣಿಯಲ್ಲಿ ಒಂದು ಪ್ರೋಟೀನನ್ನು ತೆಗೆದುಹಾಕಿದಾಗ ಏನೂ ಆಗಲಿಲ್ಲವೆಂದು ಬರೆಯುವವರು, 'ಸುಭಿಕ್ಷದಲ್ಲಿ ಏನೂ ಆಗಲಿಲ್ಲ' ಎಂದು ಬರೆಯಬೇಕು. ಊರಿನ ಕೆರೆ ನಿಷ್ಪ್ರಯೋಜಕವೆಂದು ಮಳೆಗಾಲದಲ್ಲಿ ನಿಂತು ತೀರ್ಪು ಕೊಡುವುದು ಸಲ್ಲದು.

೬

ಅಭಿವ್ಯಕ್ತಿಯಿಂದ ಪಾತ್ರಕ್ಕೆ ಹಾರುವ ಅಭ್ಯಾಸಕ್ಕೆ ಇತ್ತೀಚಿನ ನಿದರ್ಶನವೊಂದನ್ನು ಕೊಡುವುದು ಅವಶ್ಯ. ೧೯೮೬ರಲ್ಲಿಯೇ ಸೊಪ್ರಾನೊ ಮತ್ತು ಗುಡ್‌ಮನ್ ಇವರ ಗುಂಪು, ಇಲಿಯ ಯಕೃತ್ತಿನಲ್ಲಷ್ಟೇ ಅಲ್ಲದೆ ಮೂತ್ರಪಿಂಡ ಮೊದಲಾದ ಬೇರೆ ಅಂಗಗಳಲ್ಲಿಯೂ ಬಹು ಕಡಿಮೆ ಪ್ರಮಾಣದಲ್ಲಿ ಈ ಪ್ರೋಟೀನಿನ ಸಂದೇಶವಾಹಕ ಆರ್.ಎನ್.ಎ. ಇದೆಯೆಂದು ತೋರಿಸಿತ್ತು. ೧೯೯೨ರಲ್ಲಿ ಇಲಿಯ ಕೊಬ್ಬಿನ ಜೀವಕೋಶಗಳಲ್ಲಿಯೂ ಅದರ ಅಭಿವ್ಯಕ್ತಿ ಗಮನಾರ್ಹವೆಂದು ತಿಳಿದುಬಂದಿತು. ೨೦೦೫ರಲ್ಲಿ ಯಾಂಗ್ ಮತ್ತು ಬಾರ್ಬರಾ ಕಾನ್ ಮೊದಲಾದವರು ಈ ಪ್ರೋಟೀನು ಕೊಬ್ಬಿನ ಅಂಗಾಂಶದಿಂದ ಹೊರಟು ಇನ್ಸುಲಿನ್‌ಗೆ ಪ್ರತಿರೋಧವನ್ನುಂಟುಮಾಡುತ್ತದೆಯೆಂಬ ಅಭಿಪ್ರಾಯವನ್ನು ಸುಂಡಿಲಿಗಳ ಪ್ರಯೋಗಗಳ ಆಧಾರದಿಂದ ಮಂಡಿಸಿದರು. ಇಂಥ ಸುಂಡಿಲಿಗಳ ಕೊಬ್ಬಿನಲ್ಲಿ ಅಭಿವ್ಯಕ್ತಿ ಹೆಚ್ಚಾಗಿತ್ತು, ರಕ್ತದಲ್ಲಿಯೂ ಪ್ರೋಟೀನು ಹೆಚ್ಚಾಗಿತ್ತು, ಹೊರಗಿನಿಂದ ಪ್ರೋಟೀನನ್ನು ಚುಚ್ಚಿದಾಗ ಪ್ರತಿರೋಧವೂ ಕಂಡಿತು. ಜೀವಸತ್ವದ ಧಾರಕವು ಮಧುಮೇಹದ ಕಾರಣಗಳಲ್ಲೊಂದೆಂಬ ವಿಚಾರ ಬಹು ಬೇಗ ಹರಡಿತು. ಮನುಷ್ಯರ ಮೇಲೆ ನಡೆದ ಅನೇಕ ಅಧ್ಯಯನಗಳು ಒಂದಕ್ಕೊಂದು ಹೊಂದದ ಫಲಿತಾಂಶಗಳನ್ನು ಕೊಟ್ಟುವು.

ಈ ಸರಪಳಿಯಲ್ಲಿ ಒಂದು ಕೊಂಡಿ ಊಹೆಯಾಗಿಯೇ ಉಳಿದಿತ್ತು. ಕೊಬ್ಬಿನಲ್ಲಿ ತಯಾರಾದ ಪ್ರೋಟೀನು ರಕ್ತಕ್ಕೆ ಬರುತ್ತದೆಯೇ ಎಂಬುದೇ ಅದು. ಕೊಬ್ಬಿನಲ್ಲಿ ಹೆಚ್ಚಿದೆ, ರಕ್ತದಲ್ಲಿ ಹೆಚ್ಚಿದೆ, ಆದುದರಿಂದ ರಕ್ತದಲ್ಲಿರುವುದು ಕೊಬ್ಬಿನಿಂದ ಬಂದುದು ಎಂಬ ಅನುಮಾನ ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ದೋಷವನ್ನುಳ್ಳದ್ದು. ಒಂದೇ ಕಾಲದ ಎರಡು ಊರುಗಳಲ್ಲಿ ಒಂದೇ ಬಗೆಯ ನಾಣ್ಯ ದೊರೆತರೆ ಒಂದೂರಿನಿಂದ ಇನ್ನೊಂದೂರಿಗೆ ಅದು ಹೋಯಿತೆನ್ನಲಾಗದು. ಎರಡಕ್ಕೂ ಮೂರನೆಯ ಟಂಕಸಾಲೆಯಿರಬಹುದು. ೨೦೧೭ರಲ್ಲಿ ಥಾಮ್ಸನ್ ಮತ್ತು ಇತರರು ಯಕೃತ್ತಿನಲ್ಲಿ ಮಾತ್ರ ಈ ಜೀನನ್ನು ನಿಷ್ಕ್ರಿಯಗೊಳಿಸಿದ ಸುಂಡಿಲಿಗಳನ್ನು ಪರೀಕ್ಷಿಸಿದರು. ಕೊಬ್ಬಿನಲ್ಲಿ ಜೀನು ಅಬಾಧಿತವಾಗಿದ್ದರೂ ರಕ್ತದಲ್ಲಿ ಆ ಪ್ರೋಟೀನು ಕಾಣಲೇ ಇಲ್ಲ. ಸುಂಡಿಲಿಯ ರಕ್ತದಲ್ಲಿ ಸಂಚರಿಸುವ ಧಾರಕವೆಲ್ಲ ಯಕೃತ್ತಿನದೇ ಎಂಬುದು ಇದರಿಂದ ನಿಶ್ಚಿತವಾಯಿತು. ಕೊಬ್ಬಿನಲ್ಲಿ ಅದರ ಕಾರ್ಯವೇನಾದರೂ ಇದ್ದರೆ ಅದು ಸ್ಥಳೀಯವಾದುದಾಗಿರಬೇಕು. ೨೦೦೫ರ ಪ್ರಯೋಗಗಳು ಸುಳ್ಳೆಂದು ನಾವು ಹೇಳುತ್ತಿಲ್ಲ. ಅಳತೆಗಳು ಅಳತೆಗಳಾಗಿಯೇ ನಿಲ್ಲುತ್ತವೆ. ಅವುಗಳ ನಡುವೆ ಹೆಣೆದ ಕಥೆಯಲ್ಲಿ ಮಾತ್ರ ಒಂದು ಮುಖ್ಯ ಸಾಕ್ಷ್ಯದ ಕೊರತೆಯಿತ್ತು, ಅದನ್ನು ತುಂಬಲು ಹನ್ನೆರಡು ವರ್ಷಗಳು ಬೇಕಾದುವು.

೭

ಕಡೆಯದಾಗಿ ಸಾಕ್ಷಿಯ ಯೋಗ್ಯತೆಯನ್ನು ಕುರಿತು ಒಂದು ಮಾತು. ಮೇಲಣ ವಿವರಣೆಯಲ್ಲಿ ಇಲಿಯಿಂದ ಸುಂಡಿಲಿಗೆ ನಾವು ದಾಟಿರುವುದನ್ನು ವಾಚಕರು ಗಮನಿಸಿರಬಹುದು. ಈ ದಾಟುವಿಕೆ ಸಂಶೋಧನೆಯ ಇತಿಹಾಸದ್ದೇ. ಜೀನನ್ನು ಆರಿಸಿ ನಿಷ್ಕ್ರಿಯಗೊಳಿಸುವ ವಿಧಾನ ಸುಂಡಿಲಿಯಲ್ಲಿ ೧೯೮೦ರ ದಶಕದ ಕೊನೆಗೆ ಸಾಧ್ಯವಾಯಿತು. ಇಲಿಯಲ್ಲಿ ಅದು ಕೈಗೂಡಿದ್ದು ೨೦೦೯ರ ಸುಮಾರಿಗೆ. ಹೀಗಾಗಿ ಅಭಿವ್ಯಕ್ತಿಯ ಬಗೆಗಿನ ಮೊದಲಿನ ಸಾಕ್ಷ್ಯ ಬಹುಪಾಲು ಇಲಿಯದು, ಪಾತ್ರದ ಬಗೆಗಿನ ಸಾಕ್ಷ್ಯ ಬಹುಪಾಲು ಸುಂಡಿಲಿಯದು. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸುವವರು ಯಾವುದು ಯಾರ ಹೇಳಿಕೆಯೆಂಬುದನ್ನು ನಮೂದಿಸುವುದು ಕರ್ತವ್ಯ.

ಇಲಿಯಿಂದ ಮನುಷ್ಯನಿಗೆ ದಾಟುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ನಡೆಸಿದ ಪ್ರಯೋಗಗಳಲ್ಲಿ ಭಾರತದ ಬೇರೆಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಲಾಗಿತ್ತು. ಸಿಖ್ಖರ ಊಟ ತಿಂದ ಇಲಿಗಳು ಮೊದಲ ಸ್ಥಾನದಲ್ಲಿಯೂ ಮದರಾಸಿನ ಊಟ ತ��ಂದವು ಕೊನೆಯಲ್ಲಿಯೂ ನಿಂತುವು. ಕನ್ನಡಿಗರ ಊಟಕ್ಕೂ ಆ ಪಟ್ಟಿಯಲ್ಲಿ ಒಂದು ಸ್ಥಾನವಿತ್ತು. ಆಹಾರದ ಗುಣವನ್ನು ಕುರಿತು ಅದು ಬೆಲೆಯುಳ್ಳ ಸಾಕ್ಷ್ಯ. ಆ ಊಟವನ್ನುಣ್ಣುವ ಜನಾಂಗಗಳ ಸತ್ತ್ವವನ್ನು ಕುರಿತು ಇಲಿಯ ತೂಕದಿಂದ ತೀರ್ಪು ಕೊಡಹೊರಟರೆ ಸಾಕ್ಷಿಯ ಬಾಯಲ್ಲಿ ಅದು ಹೇಳದ ಮಾತನ್ನು ತುರುಕಿದಂತಾಗುತ್ತದೆ.

ಧಾರಕ ಪ್ರೋಟೀನಿನ ವಿಷಯದಲ್ಲಿ ಮನುಷ್ಯರಿಂದಲೇ ದೊರೆತ ಸಾಕ್ಷ್ಯವೊಂದಿರುವುದು ಅದೃಷ್ಟ. ಕ್ವಾಡ್ರೊ ಅವರ ಸುಂಡಿಲಿಗಳ ವರದಿ ಬಂದ ೧೯೯೯ರಲ್ಲಿಯೇ, ಈ ಜೀನಿನಲ್ಲಿ ಹುಟ್ಟಿನಿಂದ ದೋಷವಿದ್ದ ಇಬ್ಬರು ಸಹೋದರಿಯರ ವೃತ್ತಾಂತ ಜರ್ಮನಿಯಿಂದ ಪ್ರಕಟವಾಯಿತು. ಅವರಿಗೆ ಇರುಳುಗಣ್ಣು ಇತ್ತು, ಅಕ್ಷಿಪಟದಲ್ಲಿ ಬದಲಾವಣೆಗಳಿದ್ದುವು. ದೇಹದ ಇತರ ಭಾಗಗಳಲ್ಲಿ ಜೀವಸತ್ವದ ಅಭಾವದ ಗುರುತುಗಳು ಕಾಣಲಿಲ್ಲ. ಸುಂಡಿಲಿ ಮತ್ತು ಮನುಷ್ಯ ಎರಡರಲ್ಲಿಯೂ ಕಣ್ಣೇ ಮೊದಲು ನೊಂದಿತೆಂಬುದು ಗಮನಾರ್ಹ. ಧಾರಕವನ್ನು ಗುರುತಿಸಿ ರೆಟಿನಾಲನ್ನು ಒಳಕ್ಕೆ ಬರಮಾಡಿಕೊಳ್ಳುವ ಸ್ಟ್ರಾ-೬ ಎಂಬ ಗ್ರಾಹಕ ೨೦೦೭ರಲ್ಲಿ ದೊರೆತದ್ದೂ ಅಕ್ಷಿಪಟಕ್ಕೆ ಹೊಂದಿಕೊಂಡ ಜೀವಕೋಶಗಳಿಂದಲೇ. ಪರಸ್ಪರ ಸ್ವತಂತ್ರವಾದ ಮೂರು ಆಕರಗಳು ಒಂದೇ ಮಾತನ್ನು ಹೇಳುವಾಗ ಆ ಮಾತನ್ನು ನಂಬಲು ಅಡ್ಡಿಯಿಲ್ಲ.

೮

ಮೇಲ್ಕಂಡ ಪರಿಶೀಲನೆಯಿಂದ ಹೊರಡುವ ತೀರ್ಮಾನಗಳನ್ನು ಸಂಗ್ರಹಿಸಿ ಹೇಳುವುದಾದರೆ: ಒಂದನೆಯದಾಗಿ, ಸಂದೇಶ, ದಾಸ್ತಾನು, ರವಾನೆ ಇವು ಮೂರು ಬೇರೆ ಸಾಕ್ಷ್ಯಗಳು. ಒಂದರ ಅಳತೆ ಇನ್ನೊಂದರ ಅಳತೆಯಾಗದು. ಎರಡನೆಯದಾಗಿ, ರಕ್ತದ ಕಡಿಮೆ ಅಂಕಿ ಒಂದು ಪ್ರಶ್ನೆಯೇ ಹೊರತು ಉತ್ತರವಲ್ಲ. ಅದರ ಕಾರಣ ಜೀವಸತ್ವದ ಅಭಾವವೋ, ಪ್ರೋಟೀನಿನ ಅಥವಾ ಸತುವಿನ ಅಭಾವವೋ, ಸೋಂಕೋ ಎಂಬುದನ್ನು ಬೇರೆ ಸಾಕ್ಷ್ಯದಿಂದ ನಿರ್ಣಯಿಸಬೇಕು. ಮೂರನೆಯದಾಗಿ, ಒಂದು ಪ್ರೋಟೀನಿನ ಪಾತ್ರವನ್ನು ಅದು ಎಲ್ಲಿ ಕಾಣುತ್ತದೆಯೆಂಬುದರಿಂದ ತಿಳಿಯಲಾಗದು. ಅದಿಲ್ಲದಾಗ, ಅದರಲ್ಲಿಯೂ ಅಭಾವದ ಕಾಲದಲ್ಲಿ ಅದಿಲ್ಲದಾಗ, ಏನಾಗುತ್ತದೆಯೆಂಬುದರಿಂದ ತಿಳಿಯಬೇಕು.

ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಫಲಿತಾಂಶಗಳನ್ನು ಕಲಿಸುತ್ತೇವೆ, ಇತಿಹಾಸದ ವಿದ್ಯಾರ್ಥಿಗಳಿಗೆ ಆಕರಗಳ ವಿಮರ್ಶೆಯನ್ನು ಕಲಿಸುತ್ತೇವೆ. ಈ ವಿಭಜನೆ ಇಬ್ಬರಿಗೂ ನಷ್ಟಕರ. ೧೯೭೨ರ ಲೇಖನದ ಕರ್ತೃಗಳು ರಕ್ತವನ್ನು ಅಳೆದು ಅಲ್ಲಿಗೇ ನಿಲ್ಲದೆ ಯಕೃತ್ತನ್ನೂ ನೋಡಿದರು. ಆ ಎರಡನೆಯ ನೋಟದಿಂದ ಒಂದು ಶಾಸ್ತ್ರಭಾಗವೇ ಸರಿದಾರಿಗೆ ಬಂದಿತು. ಅದರ ಫಲ ಹಸಿದ ಮಕ್ಕಳಿಗೂ ಮುಟ್ಟಿತು. ತಲೆಬರಹದಲ್ಲಿ 'ಮತ್ತು' ಎಂಬ ಪದವನ್ನು ಕಂಡಾಗಲೆಲ್ಲ ಅದರ ಎರಡು ಬದಿಗಳಿಗೂ ಪ್ರತ್ಯೇಕ ಸಾಕ್ಷ್ಯವಿದೆಯೇ ಎಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆದರೆ ಈ ಲೇಖನದ ಶ್ರಮ ಸಾರ್ಥಕ.